ಕಸ್ಟಮ್ ರೈಫಲ್‌ಗೆ ಯಾವ ಆಕ್ಷನ್? ನಾಲ್ಕನ್ನು ಆಡಿಸಿ ನೋಡಿದ ಮೇಲೆ

ಕೊಲೊರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ರೈಫಲ್ ಕಟ್ಟಿಸುವವರು ಬ್ಯಾರೆಲ್ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಬ್ಯಾರೆಲ್ ಸವೆದರೆ ಇನ್ನೊಂದು ಹಾಕಿಸಬಹುದು. ಆಕ್ಷನ್ ಅಂದರೆ ತೋಟಾ ಒಳಗೆ ತಳ್ಳಿ ಹೊರಗೆಳೆಯುವ ಬೋಲ್ಟ್ ಮತ್ತು ಅದು ಓಡಾಡುವ ಲೋಹದ ಕವಚ, ಅಂದರೆ ರಿಸೀವರ್. ಅದು ಮಾತ್ರ ಕೊನೆವರೆಗೂ ಅದೇ. ಅಮೆರಿಕದ ಕಾನೂನಿನ ಪ್ರಕಾರ ರಿಸೀವರ್ ಅಂದರೇ ಬಂದೂಕು, ಅಂಗಡಿಯಲ್ಲಿ ಬರೀ ಅದನ್ನು ಕೊಂಡರೂ ಬಂದೂಕು ಖರೀದಿಯ ಸರ್ಕಾರಿ ಫಾರ್ಮ್ 4473 ತುಂಬಬೇಕು. ನಾನು ಹೋಲಿಸಿದ ನಾಲ್ಕು: ಮೌಸರ್ 98, ರೆಮಿಂಗ್ಟನ್ 700, ಸ್ಯಾವೇಜ್ 110, ವಿಂಚೆಸ್ಟರ್ ಮಾಡೆಲ್ 70.

ಮೊದಲು ಬೋಲ್ಟ್ ಮುಖ ನೋಡಿ, ಅಂದರೆ ತೋಟಾದ ತಳ ಕೂರುವ ಬೋಲ್ಟಿನ ಮುಂತುದಿ. ನನಗೆ ಬೇಕಿದ್ದದ್ದು .30-06 ತೋಟಾದ ರೈಫಲ್. ಅದರ ತೋಟಾ ತಳ 0.473 ಇಂಚು, .270ಗೂ ಅಷ್ಟೇ. .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ 0.532. ಇದು ಹೊಂದದಿದ್ದರೆ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಮಿಲಿಟರಿಯ ಹಳೆ ಮೌಸರ್ 98 ನೋಡೋಕೆ ಅಗ್ಗ. ಆದರೆ ನೆಟ್ಟಗಿನ ಬೋಲ್ಟ್ ಹಿಡಿ ಸ್ಕೋಪಿಗೆ ತಾಗುತ್ತದೆ, ಮೇಲಿರುವ ಸೇಫ್ಟಿಯೂ ಅಡ್ಡ ಬರುತ್ತದೆ, ಸ್ಕೋಪ್ ಕೂರಿಸೋಕೆ ರಿಸೀವರ್‌ಗೆ ತೂತು ಕೊರೆಸಬೇಕು, ಟ್ರಿಗರ್ ಕೂಡ ಬೇರೆ ಬೇಕು, ಇಷ್ಟೆಲ್ಲಾ ಮಾಡಿಸೋ ಹೊತ್ತಿಗೆ ಗನ್‌ಸ್ಮಿತ್ ಬಿಲ್ಲು ಆಕ್ಷನ್ ಬೆಲೆಯನ್ನು ದಾಟಿರುತ್ತದೆ.

ರೆಮಿಂಗ್ಟನ್ 700 ಬಂದಿದ್ದು 1962ರಲ್ಲಿ. ಇದರ ರಿಸೀವರ್ ಗುಂಡಗಿದೆ, ಲೇತ್‌ನಲ್ಲಿ ನೇರ ಮಾಡೋದು ಸುಲಭ. ಸ್ಟಾಕ್ (ಭುಜಕ್ಕೆ ಒರಗಿಸುವ ಕಟ್ಟು), ಟ್ರಿಗರ್, ಬ್ಯಾರೆಲ್ ಎಲ್ಲವೂ ಇದಕ್ಕೆ ಸಿಗುತ್ತವೆ, ಬೇರೆ ಯಾವುದಕ್ಕೂ ಇಷ್ಟು ಸಿಗಲ್ಲ. ಹಳೆಯದು ಕೊಳ್ಳೋರು ಟ್ರಿಗರ್ ವಿಚಾರಿಸಿ. 2014ರಲ್ಲಿ ಕಂಪನಿಯೇ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ವಾಪಸ್ ಕರೆಸಿತ್ತು.

ಸ್ಯಾವೇಜ್ 110ಕ್ಕೆ ಬ್ಯಾರೆಲ್ ಬಿಗಿಸೋ ನಟ್ಟು ಇದೆ. ಹೆಡ್‌ಸ್ಪೇಸ್ ಗೇಜ್ (ಬೋಲ್ಟ್ ಮುಚ್ಚಿದಾಗ ತೋಟಾಗೆ ಸಿಗುವ ಜಾಗ ಸರಿಯಿದೆಯೇ ಅಂತ ನೋಡೋ ಅಳತೆ ತುಂಡು) ಇದ್ದರೆ ಲೇತ್ ಇಲ್ಲದೆಯೇ ಬ್ಯಾರೆಲ್ ಬದಲಾಯಿಸಬಹುದು, ಬೋಲ್ಟ್ ತಲೆಯನ್ನೂ ಬಿಚ್ಚಿ ಬೇರೆ ಹಾಕಬಹುದು. ಖರ್ಚಿನ ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ. ಆದರೆ ಬೋಲ್ಟ್ ಎತ್ತೋಕೆ ಕೈ ಬಿಗಿ ಬೇಕು, ಆ ನಟ್ಟು ನೋಡೋಕೂ ಚೆನ್ನಾಗಿಲ್ಲ. (ಚೆಂದ ಬೇಡ ಅನ್ನೋರು ಕಸ್ಟಮ್ ಯಾಕೆ ಕಟ್ಟಿಸ್ತಾರೆ, ಅಲ್ವಾ?)

ಮದ್ದಿಲ್ಲದ ಡಮ್ಮಿ ತೋಟಾ ತುಂಬಿ, ದಪ್ಪ ಕೈಗವಸು ಹಾಕಿಕೊಂಡು, ನಾಲ್ಕರ ಬೋಲ್ಟನ್ನೂ ಬೇಕಂತಲೇ ಅರ್ಧಕ್ಕೆ ತಳ್ಳಿ ಹಿಂದಕ್ಕೆಳೆದೆ. ಚಳಿಯಲ್ಲಿ ಗಡಿಬಿಡಿಯಾದಾಗ ಎಲ್ಲರೂ ಮಾಡೋದು ಇದನ್ನೇ. 700 ಮತ್ತು 110ರಲ್ಲಿ ಬೋಲ್ಟ್ ಪೂರ್ತಿ ಮುಚ್ಚದೆ ಎಕ್ಸ್‌ಟ್ರಾಕ್ಟರ್, ಅಂದರೆ ತೋಟಾ ಹೊರಗೆಳೆಯುವ ಕೊಕ್ಕೆ, ತೋಟಾ ಹಿಡಿಯಲ್ಲ. ಮೊದಲನೆಯದು ಚೇಂಬರಿನಲ್ಲೇ ಉಳಿದು, ಹಿಂದಿನಿಂದ ಎರಡನೆಯದು ಬಂದು ಸಿಕ್ಕಿಕೊಂಡಿತು. ಮೌಸರ್ ಮತ್ತು ವಿಂಚೆಸ್ಟರ್ 70ರ ಉದ್ದನೆಯ ಕೊಕ್ಕೆ, ತೋಟಾ ಮ್ಯಾಗಜೀನಿನಿಂದ ಮೇಲೇಳುವಾಗಲೇ ಅದರ ಅಂಚು ಹಿಡಿಯುತ್ತದೆ. ಎಳೆದರೆ ಅದೇ ತೋಟಾ ಹೊರಗೆ.

ಹಾಗಾಗಿ ನಾನು ಆರಿಸಿದ್ದು ಮಾಡೆಲ್ 70. ಚಪ್ಪಟೆ ತಳ, ರಿಸೀವರ್‌ಗೇ ಸೇರಿದ ರಿಕಾಯಿಲ್ ಲಗ್ (ಗುಂಡಿನ ಒದೆತವನ್ನು ಸ್ಟಾಕಿಗೆ ದಾಟಿಸುವ ಉಬ್ಬು), ಮೂರು ಹಂತದ ಸೇಫ್ಟಿ. ಸ್ಟಾಕ್ ಆಯ್ಕೆ 700ರಷ್ಟಿಲ್ಲ, ಇರಲಿ. ಕೊಳ್ಳುವಾಗ ವರ್ಷ ನೋಡಿ: 1964ರಲ್ಲಿ ಖರ್ಚು ಉಳಿಸೋಕೆ ಆ ಕೊಕ್ಕೆ ತೆಗೆದಿದ್ದರು, 1990ರ ದಶಕದಲ್ಲಿ ವಾಪಸ್ ತಂದರು. 1964ಕ್ಕಿಂತ ಹಿಂದಿನದು ಸಂಗ್ರಹಕಾರರ ಮಾಲು, ಸುಮ್ನೆ ಅದನ್ನು ಬಿಚ್ಚಿ ಹಾಳು ಮಾಡಬೇಡಿ. ವಾಪಸ್ ಬಂದ ಕಾಲದ ಇಡೀ ರೈಫಲನ್ನೇ ಸೆಕೆಂಡ್ ಹ್ಯಾಂಡ್ ಕೊಂಡು, ಹಳೆ ಬ್ಯಾರೆಲ್ಲು ಸ್ಟಾಕು ಮಾರಿಬಿಟ್ಟರೆ ಸ್ವಲ್ಪ ದುಡ್ಡೂ ಹುಟ್ಟುತ್ತದೆ.

ಎಡಗೈಯವರ ಲೆಕ್ಕ ಬೇರೆ. ಅವರು ಮೌಸರ್ ಆಸೆ ಬಿಟ್ಟು ಮೊದಲು ಎಡಗಡೆ ಬೋಲ್ಟಿನ ಸ್ಯಾವೇಜ್ ಇಲ್ಲವೇ 700 ನೋಡಲಿ.