ನಮ್ಮೂರ ಗರ್ಲ್ಸ್ ಹೈಸ್ಕೂಲಿಗೆ ಮಗಳನ್ನು ಸೇರಿಸಬಹುದಾ? ನನ್ನ ಅನುಭವ

ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದ 2021ರಲ್ಲಿ ಬರೆದದ್ದು ಇದು. ಈ ಸಲ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿ ಶಾಲೆ ಆರಿಸುವ ಹಾಗಿಲ್ಲ. ಊರಲ್ಲಿ ಯಾವ ಹೈಸ್ಕೂಲಿನ ಗೇಟು ನೋಡಿದರೂ ಶೇ 100 ಅನ್ನುವ ಬ್ಯಾನರ್. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಆರೂ ವಿಷಯದ ಪರೀಕ್ಷೆ ಮುಗಿಯಿತು. ಬರೀ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಶೀಟು. ರಾಜ್ಯದಲ್ಲಿ ಶೇ 99.9 ಮಕ್ಕಳು ಪಾಸು. ಅಂಥ ವರ್ಷದಲ್ಲೂ ಓದಿ ಬರೆದ ಮಕ್ಕಳ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಮಗಳನ್ನು ಎಂಟನೇ ಕ್ಲಾಸಿಗೆ ಎಲ್ಲಿ ಸೇರಿಸೋದು ಅಂತ ಯೋಚಿಸುತ್ತಿರುವವರಿಗೆ ಆ ಬ್ಯಾನರಿನಿಂದ ಏನೂ ತಿಳಿಯಲ್ಲ. ಅದಕ್ಕೇ ನಮ್ಮೂರ ಸರ್ಕಾರಿ ಬಾಲಕಿಯರ ಪ್ರೌಢಶಾಲೆಯಲ್ಲಿ ನಾನು ಕಂಡದ್ದನ್ನು ಬರೆಯುತ್ತಿದ್ದೇನೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹೆಸರು ಹಾಕಲ್ಲ, ನಮ್ಮೂರವರಿಗೆ ಗೊತ್ತಾಗುತ್ತದೆ.

ದೊಡ್ಡ ಮಗಳು ಇಲ್ಲೇ ಓದಿ ಕಳೆದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದಳು. ಚಿಕ್ಕವಳು ಈಗ ಒಂಬತ್ತನೇ ಕ್ಲಾಸು. ನನ್ನದು ಹೊಲಿಗೆ ಅಂಗಡಿ. ಶಾಲೆಯ ಹುಡುಗಿಯರ ಚೂಡಿದಾರ ನನ್ನ ಹತ್ತಿರವೇ ಬರುತ್ತವೆ. ಆಗಸ್ಟ್ 23ಕ್ಕೆ ಶಾಲೆ ಶುರು ಅಂದ ತಕ್ಷಣ ಎಲ್ಲರೂ ಹಳೇ ಯೂನಿಫಾರ್ಮ್ ಹಿಡಿದು ಬಂದರು. ಬಟ್ಟೆ ಮಾಸಿಲ್ಲ, ಇಸ್ತ್ರಿ ಗೆರೆ ಕೂಡ ಹಾಗೇ ಇದೆ. ಹಾಕಿಕೊಂಡರೆ ತೋಳು ಬಿಗಿ, ಪ್ಯಾಂಟು ಕಣಕಾಲಿನ ಮೇಲೆ. ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿ ಉದ್ದ ಮಾಡಿದೆ. ಮಡಿಕೆಯೊಳಗಿನ ನೀಲಿ ಗಾಢ, ಹೊರಗಿನದು ತಿಳಿ. ಈಗ ಸಾಲಾಗಿ ನಿಂತ ಹುಡುಗಿಯರ ಕಾಲ ಹತ್ತಿರ ಎರಡು ಬಣ್ಣ ಕಾಣುತ್ತದೆ.

ಶಾಲೆಯ ಬಗ್ಗೆ ನಾನು ಮೊದಲು ಹೇಳಬೇಕಾದ್ದು ಎಚ್.ಎಂ. ಮೇಡಂ ಹತ್ತಿರ ಇರುವ ಒಂದು ಲೆಡ್ಜರ್ ಬಗ್ಗೆ. ಕಳೆದ ವರ್ಷ ವಿದ್ಯಾಗಮ (ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಮಕ್ಕಳಿರುವ ಕಡೆ ಬಂದು ಮಾಡುತ್ತಿದ್ದ ಪಾಠ) ಶುರುವಾದಾಗ ಯಾವ ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ, ಯಾರ ಹತ್ತಿರ ಕೀಪ್ಯಾಡ್ ಫೋನು, ಯಾರ ಹತ್ತಿರ ಏನೂ ಇಲ್ಲ ಅಂತ ಪಟ್ಟಿ ಮಾಡಿದ್ದರು. ನಮ್ಮ ಮೇಡಂ ಅದರ ಪಕ್ಕ ಇನ್ನೊಂದು ಕಾಲಂ ಎಳೆದರು: ‘ಈಗ ಎಲ್ಲಿದ್ದಾಳೆ?’ ಅಜ್ಜಿ ಮನೆ, ಕೊಬ್ಬರಿ ಕೆಲಸ, ಬೆಂಗಳೂರಲ್ಲಿ ಅಕ್ಕನ ಮಗು ನೋಡಿಕೊಳ್ಳಲು, ಹೀಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಹುಡುಗಿ ವಾಪಸ್ ಬಂದರೆ ಅಳಿಸಿ ‘ಮನೆ’ ಅಂತ ಬರೆಯುತ್ತಿದ್ದರು.

ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತುಹೋಯಿತು. ಅರಳಿಕಟ್ಟೆ ಪಾಠ ಇಲ್ಲ. ಆಗಲೂ ಮೇಡಂಗಳು ಫೋನ್ ಮಾಡೋದು ಬಿಡಲಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗಿಗೆ ಗಂಡು ನೋಡುವ ಮಾತು ಶುರುವಾಗಿತ್ತು. ‘ಶಾಲೆ ಇಲ್ಲ, ಮನೇಲಿ ಸುಮ್ನೆ ಕೂತಿದ್ದಾಳೆ’ ಅನ್ನೋದು ಅವರಮ್ಮನ ವಾದ. ಕನ್ನಡ ಮೇಡಂ ಅವರ ಜಗಲಿಯಲ್ಲಿ ಕೂತು ‘ಅಕ್ಕಾ, ಜನವರಿಗೆ ಶಾಲೆ ತೆಗೀತಾರೆ, ಅವಳ ಪುಸ್ತಕ ನಾನೇ ತಂದಿದ್ದೀನಿ’ ಅಂದರು. 18 ತುಂಬುವ ಮೊದಲು ಮದುವೆ ಮಾಡಿದರೆ ಕೇಸಾಗುತ್ತದೆ ಅಂತಲೂ ಮೆತ್ತಗೆ ಹೇಳಿದರು. ಹುಡುಗಿಗೆ ಮಕ್ಕಳ ಸಹಾಯವಾಣಿಯ 1098 ನಂಬರನ್ನು ನೋಟ್ಸಿನ ಕೊನೇ ಪುಟದಲ್ಲಿ ಬರೆಸಿದರು. ಅವಳು ಈಗ ಹತ್ತನೇ ಕ್ಲಾಸಿನಲ್ಲಿ ಕೂರುತ್ತಿದ್ದಾಳೆ. ಬೇರೆ ಏನೂ ಇಲ್ಲದಿದ್ದರೂ ಇದೊಂದಕ್ಕೇ ನಾನು ಈ ಶಾಲೆಗೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಪಾಠ. ವಾಟ್ಸಾಪ್ ಪಾಠದಿಂದ ಪ್ರಯೋಜನ ಕಡಿಮೆ. ನಮ್ಮ ಮನೆಯಲ್ಲಿ ಇರೋದು ಒಂದೇ ಫೋನು, ಅದು ಹಗಲೆಲ್ಲ ನನ್ನ ಜೊತೆ ಅಂಗಡಿಯಲ್ಲಿ. ಚಂದನದಲ್ಲಿ ಬರುತ್ತಿದ್ದ ಪಾಠ ಪರವಾಗಿಲ್ಲ, ಕರೆಂಟು ಇದ್ದರೆ. ಎಂಟನೇ ಕ್ಲಾಸಿಗೆ ಪರೀಕ್ಷೆಯೇ ಇಲ್ಲದೆ ಎಲ್ಲರನ್ನೂ ಒಂಬತ್ತಕ್ಕೆ ಕಳಿಸಿದರು. ಸೇತುಬಂಧದಲ್ಲಿ, ಅಂದರೆ ವರ್ಷದ ಶುರುವಿನಲ್ಲಿ ಹಿಂದಿನ ಪಾಠ ನೆನಪಿಸುವ ತರಗತಿಗಳಲ್ಲಿ, ಲೆಕ್ಕದ ಮೇಡಂ ಒಂಬತ್ತನೇ ಪುಸ್ತಕ ಮುಟ್ಟದೆ ಹಿಂದಕ್ಕೆ ಹೋಗಿದ್ದು ನನಗೆ ತುಂಬಾ ಹಿಡಿಸಿತು. ಮಗಳು –7 + 3 = –10 ಅಂತ ಬರೆದಿದ್ದಳು. ಮೇಡಂ ತಪ್ಪು ಹಾಕಿ ಬಿಡಲಿಲ್ಲ. ಕೆಳಗೆ ಸಂಖ್ಯಾರೇಖೆ ಎಳೆದು, –7ರಿಂದ ಬಲಕ್ಕೆ ಮೂರು ಬಾಣ ಹಾಕಿ, ‘ಎಲ್ಲಿಗೆ ಬಂದೆ?’ ಅಂತ ಕೇಳಿದ್ದರು. ಅವಳು –4 ಅಂತ ಬರೆದು ಇನ್ನೂ ಐದು ಲೆಕ್ಕ ತಾನೇ ಹಾಕಿಕೊಂಡಿದ್ದಾಳೆ. ಪೋರ್ಷನ್ ಮುಗಿಸುವ ಅವಸರ ಇರುವ ಶಾಲೆಯಲ್ಲಿ ಹೀಗೆ ಮಾಡುತ್ತಾರಾ?

ಈ ವರ್ಷ ಪ್ರೈವೇಟ್ ಶಾಲೆ ಬಿಟ್ಟು ಬಂದ ಹುಡುಗಿಯರೂ ಜಾಸ್ತಿ. ಸಂಪಾದನೆ ಇಲ್ಲದವರಿಗೆ ಫೀಸನ್ನು ಶೇ 70ಕ್ಕೆ ಇಳಿಸಿದರೂ ಭಾರವೇ ಅಲ್ವಾ. ಇಂಗ್ಲಿಷ್ ಮೀಡಿಯಂನಿಂದ ಬಂದವರಿಗಾಗಿ ವಿಜ್ಞಾನದ ಮೇಡಂ ಬೋರ್ಡಿನಲ್ಲಿ ಎರಡೂ ಭಾಷೆಯ ಹೆಸರು ಬರೆಯುತ್ತಾರೆ.

ಕೊರತೆಗಳೂ ಇವೆ, ಮುಚ್ಚಿಡಲ್ಲ. ಶೌಚಾಲಯಕ್ಕೆ ನೀರು ಬೆಳಿಗ್ಗೆ ಮಾತ್ರ. ಮೊದಲು ಶಾಲೆಯಲ್ಲೇ ಪ್ಯಾಡ್ ಕೊಡುತ್ತಿದ್ದರು, 2021ರಲ್ಲಿ ಕೊಡಲಿಲ್ಲ. ಹುಡುಗಿಯರು ಆ ದಿನಗಳಲ್ಲಿ ರಜ ಹಾಕುತ್ತಾರೆ. ಒಂದು ವರ್ಷ ಕಳೆದುಕೊಂಡ ಮಕ್ಕಳು ತಿಂಗಳಿಗೆ ಮತ್ತೆ ಎರಡು ಮೂರು ದಿನ ಕಳೆದುಕೊಳ್ಳಬೇಕಾ? ಎಂಟನೇ ಕ್ಲಾಸಿಗೆ ಸಿಗಬೇಕಿದ್ದ ಸೈಕಲ್ಲು ನನ್ನ ಮಗಳ ಬ್ಯಾಚಿಗೆ ಸಿಗಲಿಲ್ಲ. ಹಳ್ಳಿಯಿಂದ ಬರುವವರು ಬಸ್ಸನ್ನೇ ನಂಬಿದ್ದಾರೆ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ತುಂಬಾ ಹೊತ್ತು ಕಾಯುತ್ತಾರೆ. ಇದನ್ನು ಬರೆಯುವ ಹೊತ್ತಿಗೆ ಬಿಸಿಯೂಟ ಮತ್ತೆ ಶುರುವಾಗಿರಲಿಲ್ಲ, ಅಲ್ಲಿಯವರೆಗೆ ರೇಷನ್ ಕೊಡುತ್ತಿದ್ದರು. ಹಸಿದ ಮಗುವಿಗೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಿ ಮೂಟೆಯಿಂದ ಏನು ಉಪಯೋಗ?

ಪೋಷಕರ ಸಭೆಯಲ್ಲಿ ಮುಂದಿನ ವರ್ಷಕ್ಕೆ ಏನು ಬೇಕು ಅಂತ ಕೇಳಿದರು. ಗಂಡಸರು ಕಾಂಪೌಂಡು, ಕಂಪ್ಯೂಟರ್ ಅಂದರು. ನಾವು ಹೆಂಗಸರು ಮೋಟಾರು ಮತ್ತು ಸಿಂಟೆಕ್ಸ್ ಅಂತ ಬರೆಸಿದೆವು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿದೆ. ಶನಿವಾರ ಲೈಬ್ರರಿ ಬೀರು ತೆಗೆದು ಪುಸ್ತಕ ಮನೆಗೆ ಕೊಡುವುದಕ್ಕೂ ಒಪ್ಪಿದ್ದಾರೆ. ಹತ್ತು ಮುಗಿಸಿದವರಲ್ಲಿ ಪಿಯುಗೆ ಸೇರದವರ ಮನೆಗೆ ಹೋಗಿಬರಲು ಹಳೇ ವಿದ್ಯಾರ್ಥಿನಿಯರ ತಂಡ ಆಗಿದೆ, ನನ್ನ ದೊಡ್ಡ ಮಗಳೂ ಅದರಲ್ಲಿದ್ದಾಳೆ.

ಸೇರಿಸಿ ಅನ್ನೋದೇ ನನ್ನ ಅಭಿಪ್ರಾಯ.  ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ತಗೊಂಡು ಹೋಗಿ. ಹಳೇ ಶಾಲೆಯವರು ಟಿಸಿ ಕೊಡದೆ ಸತಾಯಿಸುತ್ತಿದ್ದರೆ ಅದನ್ನೂ ಎಚ್.ಎಂ. ಮೇಡಂಗೆ ಹೇಳಿ, ದಾರಿ ತೋರಿಸುತ್ತಾರೆ. ಕ್ಲಾಸು ಬಿಟ್ಟ ಮೇಲೆ ಹೋದರೆ ಆಫೀಸಿನಲ್ಲೇ ಸಿಗುತ್ತಾರೆ.