ಮಂಡಿ ಮೊಹಲ್ಲಾದ ಗುಜರಿ ಅಂಗಡಿಗೆ ರದ್ದಿ ಹೊತ್ತುಕೊಂಡು ಹೋದಾಗ

ಮನೆ ಖಾಲಿ ಮಾಡುವಾಗ ಎರಡು ವರ್ಷದ ಪೇಪರು, ಮಕ್ಕಳ ಹಳೇ ನೋಟ್‌ಬುಕ್ಕು, ತುಕ್ಕು ಹಿಡಿದ ಒಂದು ಟೇಬಲ್ ಫ್ಯಾನು ಉಳಿದವು. ಎಲ್ಲ ಆಟೋದಲ್ಲಿ ಹಾಕಿಕೊಂಡು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿಗೆ ಹೋದೆ. ನಾನು ಧಾರವಾಡದವಳು. ಬಾಯಿಗೆ ಬಂದದ್ದು "ರದ್ದಿ ತಗೋತೀರೇನ್ರಿ?" ಅಂತ.

ಅಂಗಡಿಯ ಹಿರಿಯರು ನಕ್ಕರು. "ತಗೋತೀವಮ್ಮ. ಇಲ್ಲಿ ಜಾಸ್ತಿ ಜನ ಗುಜರಿ ಅಂತಾರೆ. ರದ್ದಿ ನಮ್ಮ ಉರ್ದುವಿನಲ್ಲೂ ಇದೆ. ರದ್ ಅಂದ್ರೆ ಬೇಡ ಅಂತ ವಾಪಸ್ ಕಳಿಸೋದು."

ಮೂಲ ಅರಬ್ಬಿಯದು. ಅರ್ಥ ಅವರು ಹೇಳಿದ್ದೇ. "ರೈಲು ರದ್ದು", "ಟೆಂಡರ್ ರದ್ದು" ಅನ್ನುವ ರದ್ದೂ ಅದೇ ಬೇರಿನದು. ದಿನಾ ಪೇಪರಿನಲ್ಲಿ ರದ್ದು ಅಂತ ಓದುತ್ತೇನೆ, ಆ ಪೇಪರನ್ನೇ ರದ್ದಿ ಅಂತ ಕಟ್ಟಿಡುತ್ತೇನೆ. ಎರಡೂ ಅಕ್ಕತಂಗಿಯರು ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಕಸ ಹಾಗಲ್ಲ. ಅದು ನಮ್ಮದೇ ಮಾತು, ತುಳುವಿನಲ್ಲೂ ಕಜವು ಅಂತಾರೆ. ಕಸವನ್ನು ಪಾಲಿಕೆ ಗಾಡಿಗೆ ಸುರಿದು ಮರೆಯುತ್ತೇವೆ. ರದ್ದಿಗೆ ಸುತಳಿ ಕಟ್ಟಿ ದುಡ್ಡು ಕೇಳುತ್ತೇವೆ, ಅಲ್ವಾ? ಹಾಗಾಗಿ ರದ್ದಿಯನ್ನು ಕೆಲಸಕ್ಕೆ ಬಾರದ್ದು ಅನ್ನಲು ನನಗೆ ಮನಸ್ಸಿಲ್ಲ. ನನಗೆ ಬೇಡವಾದದ್ದು, ಅಷ್ಟೇ.

ಇನ್ನು ಅಂಗಡಿ. ದರ ಸ್ಲೇಟಿನ ಮೇಲೆ ಬರೆದಿರುತ್ತಾರೆ: ಅವತ್ತು ಪೇಪರ್ ಕಿಲೋಗೆ 14 ರೂಪಾಯಿ, ರಟ್ಟು 8. ತಕ್ಕಡಿಯ ಅಂಕಿ ನಮ್ಮ ಕಡೆಗೇ ತಿರುಗಿಸಿಟ್ಟಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ಹಿಂದೆ ಬೇರೊಂದು ಊರಿನಲ್ಲಿ ಮನೆ ಬಾಗಿಲಿಗೆ ಬಂದವರೊಬ್ಬರು ಮನೆಯಲ್ಲಿ ತೂಗಿಟ್ಟಿದ್ದ 20 ಕಿಲೋವನ್ನು 13 ಮಾಡಿದ್ದರು.

ಇಲ್ಲಿ ನೋಟ್‌ಬುಕ್ಕುಗಳನ್ನು ಸುಮ್ನೆ ರಾಶಿಗೆ ಎಸೆಯುವುದಿಲ್ಲ. ಒಬ್ಬ ಹುಡುಗ ಒಂದೊಂದನ್ನೂ ಕೊಡವಿ ನೋಡುತ್ತಾನೆ. ಪಕ್ಕದಲ್ಲಿ ಒಂದು ಬಿಸ್ಕತ್ ಡಬ್ಬಿ. ಅದರಲ್ಲಿ ಯಾರದೋ ಅಂಕಪಟ್ಟಿ, ಪಾಸ್‌ಪೋರ್ಟ್ ಸೈಜಿನ ಫೋಟೋ, ಒಂದು ಮದುವೆ ಫೋಟೋ ಕೂಡ. ಕೇಳಿಕೊಂಡು ಬರಲಿ ಅಂತ ಎತ್ತಿಟ್ಟದ್ದಂತೆ. ನನ್ನ ಕಟ್ಟಿನಿಂದ ಅಮ್ಮನ ಕೈಬರಹದ ಹಾಲಿನ ಲೆಕ್ಕ ಬಿತ್ತು. ಅಮ್ಮ ಹೋಗಿ ಆರು ವರ್ಷ. ಹುಡುಗ ಅದನ್ನು ಒರೆಸಿ ಕೈಗೆ ಕೊಟ್ಟ.

ಫ್ಯಾನಿಗೆ ಇನ್ನೂ ಸ್ವಲ್ಪ ಕೊಡಬಹುದಿತ್ತು ಅನ್ನಿಸಿತು. ಗಾಡಿ ನಿಲ್ಲಿಸಲು ಜಾಗ ಕಡಿಮೆ, ಬೆಳಿಗ್ಗೆ ಬೇಗ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ.