ಕರುಳಿನ ತೊಂದರೆಯಿರುವ ನಾಯಿಗೆ ಕೈಗೆಟುಕುವ ಆಹಾರ ಯಾವುದು: ಐದು ಬಗೆ ಕೊಟ್ಟು ನೋಡಿದ ಮೇಲಿನ ಮಾತು

ನಮ್ಮ ಗುಂಡನಿಗೆ ಈಗ 7 ವರ್ಷ, ತೂಕ 12 ಕಿಲೋ. ಒಂದೂವರೆ ವರ್ಷದ ಹಿಂದೆ ಅವನಿಗೆ ಶುರುವಾದ ಭೇದಿ ವಾರವೊಂದು ನಿಂತು ವಾರವೆರಡು ಕಾಡುವಂಥದ್ದಾಗಿತ್ತು. ಅವನಿಗಾಗಿ ಹತ್ತು ತಿಂಗಳ ಅವಧಿಯಲ್ಲಿ ಐದು ಬಗೆಯ ಆಹಾರಗಳನ್ನು ಒಂದಾದ ಮೇಲೊಂದರಂತೆ ಕೊಟ್ಟು, ಪ್ರತಿಯೊಂದನ್ನೂ ತೂಗಿ, ಅಳೆದು, ಅದರ ಫಲವನ್ನು ದಿನವೂ ಬರೆದಿಟ್ಟುಕೊಂಡು ನೋಡಿದ್ದೇನೆ. ಈ ಪೈಕಿ ಅತಿ ದುಬಾರಿಯಾದದ್ದು ಮೂರು ವಾರಗಳ ಮಟ್ಟಿಗೆ ಕೊಳ್ಳಲು ಯೋಗ್ಯವಾಗಿತ್ತೇ ಹೊರತು ಜೀವನಪರ್ಯಂತ ಕೊಳ್ಳಲು ಅಲ್ಲ. ಎಲ್ಲರೂ ಅಗ್ಗವೆಂದು ನಂಬುವ ಮನೆಯಡುಗೆ ಸರಿಯಾಗಿ ಮಾಡಿದರೆ ಅಗ್ಗವಾಗಿ ಉಳಿಯುವುದಿಲ್ಲ. ಕೊನೆಗೆ ನಮ್ಮನ್ನು ದಡ ಮುಟ್ಟಿಸಿದ್ದು ಚಮಚದಲ್ಲಿ ಅಳೆಯುವ ಹೊಟ್ಟು.

ಆಹಾರದ ಮಾತಿಗೆ ಮೊದಲು ಪರೀಕ್ಷೆಯ ಮಾತು ಬರಬೇಕು. ಮೂರು ವಾರಕ್ಕಿಂತ ಹೆಚ್ಚು ಕಾಲ ಕಾಡುವ ಕರುಳಿನ ತೊಂದರೆಯನ್ನು ಪಶುವೈದ್ಯರು ದೀರ್ಘಕಾಲಿಕವೆಂದು ಪರಿಗಣಿಸುತ್ತಾರೆ, ಮತ್ತು ಹುಳು, ಜಿಯಾರ್ಡಿಯಾ ಮುಂತಾದ ಪರಾವಲಂಬಿಗಳು ಇಲ್ಲವೆಂದು ಖಚಿತವಾಗದೆ ಆಹಾರ ಬದಲಿಸುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಗುಂಡನ ಮಲಪರೀಕ್ಷೆ ಮೂರು ಬಾರಿ ಆಯಿತು, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಮತ್ತು ಬಿ12 ಜೀವಸತ್ವದ ಪ್ರಮಾಣವನ್ನೂ ನೋಡಿದರು, ಎಲ್ಲವೂ ಸರಿಯಿದ್ದವು. ಅವನು ದಿನಕ್ಕೆ ಐದಾರು ಸಲ ಮುಕ್ಕಿ ಮುಕ್ಕಿ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದ. ಕೊನೆಯಲ್ಲಿ ಲೋಳೆ, ಕೆಲವೊಮ್ಮೆ ಒಂದೆರಡು ಹನಿ ಕೆಂಪು ರಕ್ತ. ತೂಕ ಮಾತ್ರ ಇಳಿಯಲಿಲ್ಲ, ಹಸಿವೂ ಕುಂದಲಿಲ್ಲ. ಇದು ದೊಡ್ಡ ಕರುಳಿನ ಲಕ್ಷಣ. ಸಣ್ಣ ಕರುಳು ಕೆಟ್ಟಿದ್ದರೆ ಒಂದೇ ಸಲಕ್ಕೆ ಹೆಚ್ಚು ಮಲ ಹೋಗುತ್ತದೆ, ನಾಯಿ ಕರಗುತ್ತ ಬರುತ್ತದೆ. ಯಾವ ಚೀಲವನ್ನು ಕೊಳ್ಳಬೇಕೆಂಬುದು ಬಹುಮಟ್ಟಿಗೆ ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿದೆಯೆಂಬುದು ನನಗೆ ತಡವಾಗಿ ತಿಳಿಯಿತು. ತೂಕ ಇಳಿಯುತ್ತಿರುವ, ಆಲ್ಬುಮಿನ್ ಕಡಿಮೆಯಿರುವ ಅಥವಾ ಇನ್ನೂ ಬೆಳೆಯುತ್ತಿರುವ ನಾಯಿಗೆ ನನ್ನ ಮುಂದಿನ ಮಾತುಗಳನ್ನು ಅನ್ವಯಿಸಬಾರದು.

ಬೆಲೆಯನ್ನು ಹೋಲಿಸುವುದರಲ್ಲಿ ನಾನು ಮೊದಲು ಎಡವಿದ್ದು ಚೀಲದ ತೂಕ ನೋಡಿ. ನಾಯಿ ತಿನ್ನುವುದು ಕಿಲೋಗಳನ್ನಲ್ಲ, ಕ್ಯಾಲೊರಿಗಳನ್ನು. ದೇಹತೂಕವನ್ನು 0.75ರ ಘಾತಕ್ಕೇರಿಸಿ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿ ಬೇಕಾಗುವ ಶಕ್ತಿ ಸಿಗುತ್ತದೆ. 12 ಕಿಲೋ ನಾಯಿಗೆ ಅದು ಸುಮಾರು 450. ಸಂತಾನಹರಣ ಮಾಡಿಸಿದ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸುವುದು ವಾಡಿಕೆ, ಅಂದರೆ ಗುಂಡನಿಗೆ ದಿನಕ್ಕೆ ಸುಮಾರು 720 ಕ್ಯಾಲೊರಿ. ಕಿಲೋಗೆ 4000 ಕ್ಯಾಲೊರಿ ಕೊಡುವ ಒಣ ಆಹಾರವಾದರೆ ಅವನಿಗೆ 180 ಗ್ರಾಂ ಸಾಕು. ಕಿಲೋಗೆ 3200 ಕೊಡುವುದಾದರೆ 225 ಗ್ರಾಂ ಬೇಕು, ಚೀಲ ಅಷ್ಟು ಬೇಗ ಖಾಲಿಯಾಗುತ್ತದೆ. ಡಬ್ಬಿ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದೇ 720 ಕ್ಯಾಲೊರಿಗೆ ಕೊಡಬೇಕಾದ ಬೆಲೆ ಬಹುತೇಕ ಯಾವಾಗಲೂ ಹೆಚ್ಚು. ಈ ಲೆಕ್ಕ ಹಾಕಿದ ದಿನವೇ ನನ್ನ ಪಟ್ಟಿಯಲ್ಲಿದ್ದ ಎರಡು ‘ಅಗ್ಗದ’ ಚೀಲಗಳು ಕೆಳಗಿಳಿದವು.

ಮೊದಲು ಕೊಟ್ಟದ್ದು ವೈದ್ಯರ ಚೀಟಿಯ ಮೇಲೆ ಸಿಗುವ, ಕೊಬ್ಬು ಕಡಿಮೆಯಿರುವ, ಸುಲಭವಾಗಿ ಜೀರ್ಣವಾಗುವ ಒಣ ಆಹಾರ. ಮಲ ಸ್ವಲ್ಪ ಗಟ್ಟಿಯಾಯಿತು, ಲೋಳೆ ಹಾಗೇ ಉಳಿಯಿತು. ಕೊಬ್ಬು ತಗ್ಗಿಸುವುದರ ದೊಡ್ಡ ಪ್ರಯೋಜನ ಮೇದೋಜೀರಕ ಗ್ರಂಥಿಯ ಉರಿಯೂತವಿರುವ ನಾಯಿಗಳಿಗೆ ಮತ್ತು ಕರುಳಿನ ಮೂಲಕ ಪ್ರೋಟೀನ್ ಸೋರಿಹೋಗುವ ನಾಯಿಗಳಿಗೆ. ಗುಂಡ ಆ ಪೈಕಿಯವನಲ್ಲ. ನಾಲ್ಕು ವಾರಕ್ಕೆ ಇದನ್ನು ಬದಿಗಿಟ್ಟೆ, ಆದರೆ ಇದರ ಮಾತು ಮುಂದೆ ಮತ್ತೆ ಬರುತ್ತದೆ.

ಎರಡನೆಯದು, ಚೀಟಿಯಿಲ್ಲದೆ ಸಿಗುವ, ‘ಒಂದೇ ಪ್ರೋಟೀನ್, ಮೀನು ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದ ಆಹಾರ. ಬೆಲೆ ಹಿಡಿಸುವಂತಿತ್ತು. ಮೊದಲ ಚೀಲದಲ್ಲಿ ಗುಂಡ ಚೆನ್ನಾಗಿದ್ದ, ಎರಡನೆಯ ಚೀಲ ಬಿಚ್ಚಿದ ಐದನೆಯ ದಿನ ಮತ್ತೆ ಲೋಳೆ ಕಾಣಿಸಿತು. ಆಗ ಕನ್ನಡಕ ಹಾಕಿಕೊಂಡು ಹಿಂಬದಿಯ ಪಟ್ಟಿಯನ್ನು ಪೂರ್ತಿ ಓದಿದರೆ ಕೊನೆಯ ಸಾಲುಗಳಲ್ಲಿ ಯಾವ ಪ್ರಾಣಿಯದೆಂದು ಹೇಳದ ‘ಪ್ರಾಣಿಜನ್ಯ ಕೊಬ್ಬು’ ಇತ್ತು. ಅದೇ ಕಾರಣವೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಇಂಥ ಆಹಾರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಚೀಲದ ಪಟ್ಟಿಯಲ್ಲಿ ಹೇಳದ ಬೇರೆ ಮಾಂಸದ ಅಂಶ ಹಲವು ಬಾರಿ ಪತ್ತೆಯಾಗಿದೆ. ಒಂದೇ ಯಂತ್ರದಲ್ಲಿ ಹತ್ತು ಬಗೆ ತಯಾರಾಗುವಾಗ ಇದು ಅಚ್ಚರಿಯೂ ಅಲ್ಲ. ಸುಮ್ಮನೆ ತಿನ್ನಿಸಲು ಇವು ಸಾಕು. ಅಲರ್ಜಿ ಇದೆಯೋ ಇಲ್ಲವೋ ಎಂದು ತಿಳಿಯಲು ಇವನ್ನು ನಂಬುವಂತಿಲ್ಲ.

ಮೂರನೆಯದು ಹೈಡ್ರೊಲೈಸ್ಡ್ ಪ್ರೋಟೀನ್ ಆಹಾರ, ನಾನು ಕೊಂಡವುಗಳಲ್ಲೆಲ್ಲ ಅತಿ ದುಬಾರಿ. ಇದರಲ್ಲಿ ಪ್ರೋಟೀನನ್ನು ಮೊದಲೇ ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ, ಆ ತುಣುಕುಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ಶತ್ರುವೆಂದು ಗುರುತಿಸಲಾರದು. ಹಿಲ್ಸ್ ಕಂಪನಿಯ ಜೆಡ್/ಡಿ ಆಹಾರದಲ್ಲಿ ಹೀಗೆ ಒಡೆಯುವುದು ಕೋಳಿಯ ಯಕೃತ್ತನ್ನು. ರಾಯಲ್ ಕ್ಯಾನಿನ್‌ನ ಹೈಡ್ರೊಲೈಸ್ಡ್ ಪ್ರೋಟೀನ್ ಆಹಾರದಲ್ಲಿ ಸೋಯಾವನ್ನು. ಕೋಳಿಯ ಮೇಲೆ ಅನುಮಾನವಿದ್ದವರು ಸೋಯಾದ್ದನ್ನು ಆರಿಸುವುದು ಲೇಸು ಎಂದರು ನಮ್ಮ ವೈದ್ಯರು. ಚೀಲ ಬಿಚ್ಚಿದಾಗ ಹಳೆಯ ರಟ್ಟಿನ ಪೆಟ್ಟಿಗೆಯಂಥ ವಾಸನೆ ಬಂತು. ಗುಂಡ ಮೂಸಿ, ನನ್ನ ಮುಖ ನೋಡಿ, ತಟ್ಟೆಯನ್ನು ಸುತ್ತು ಹಾಕಿ ಹೋಗಿ ಮಲಗಿದ. ಎರಡನೆಯ ಹೊತ್ತಿಗೆ ಬೆಚ್ಚಗಿನ ನೀರು ಚಿಮುಕಿಸಿ ಇಟ್ಟಾಗ ತಿಂದ. ಇದನ್ನು ಕೊಡುವಾಗ ಬೇರೇನೂ ಬಾಯಿಗೆ ಹೋಗಬಾರದೆಂಬ ನಿಯಮ ಕೇಳಲು ಸುಲಭ, ಪಾಲಿಸಲು ಕಷ್ಟ. ಬಹುಮಾನದ ಬಿಸ್ಕತ್ತು ನಿಂತಿತು, ಮಾಂಸದ ರುಚಿ ಬೆರೆಸಿದ ಹುಳುವಿನ ಮಾತ್ರೆಯನ್ನು ಬದಲಿಸಿದೆವು, ಹಲ್ಲುಜ್ಜುವ ಪೇಸ್ಟ್ ಕೂಡ ಕಪಾಟು ಸೇರಿತು.

ಫಲ ಅಳೆಯಲು 1ರಿಂದ 7ರವರೆಗಿನ ಮಲದ ಅಂಕಪಟ್ಟಿಯನ್ನು ಬಳಸಿದೆ; 1 ಎಂದರೆ ಕಲ್ಲಿನಂಥ ಗೋಲಿ, 7 ಎಂದರೆ ನೀರು, 2 ಬಂದರೆ ನೆಮ್ಮದಿ. ಗುಂಡನ ಅಂಕ ಎಂಟು ದಿನಗಳಲ್ಲಿ 6ರಿಂದ 3ಕ್ಕೆ ಬಂತು. ಕರುಳಿನ ಮಟ್ಟಿಗೆ ಎರಡು ವಾರದೊಳಗೆ ಆಹಾರದ ಗುಣ ಕಾಣುವುದು ಸಾಮಾನ್ಯ. ಚರ್ಮದ ಅಲರ್ಜಿಗೆ ಬೇಕಾಗುವಂತೆ ಎಂಟು ವಾರ ಕಾಯಬೇಕಿಲ್ಲ, ಜೇಬಿಗೆ ಇದು ದೊಡ್ಡ ಸಮಾಧಾನ. ಇಲ್ಲಿಗೇ ನಿಲ್ಲಿಸಿ, ‘ಸಿಕ್ಕಿತು’ ಎಂದುಕೊಂಡು ಅದೇ ಚೀಲವನ್ನು ವರ್ಷಗಟ್ಟಲೆ ಕೊಳ್ಳುವವರು ಬಹಳ ಜನ. ನಾನೂ ಹಾಗೇ ಮಾಡುವವನಿದ್ದೆ. ಆದರೆ ಈ ಆಹಾರ ಅಲರ್ಜಿ ತಪ್ಪಿಸುವುದರ ಜೊತೆಗೆ ತೀರ ಸುಲಭವಾಗಿ ಜೀರ್ಣವೂ ಆಗುತ್ತದೆ. ಗುಣವಾದದ್ದು ಯಾವುದರಿಂದ ಎಂದು ತಿಳಿಯಲು ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಮರಳಿ ಕೊಟ್ಟು ನೋಡಲೇಬೇಕು. ಮೂರು ವಾರದ ನಂತರ ಒಂದು ವಾರ ಬೇಯಿಸಿದ ಕೋಳಿ ಸೇರಿಸಿದೆ, ಏನೂ ಆಗಲಿಲ್ಲ. ಮುಂದಿನ ವಾರ ಮೊಟ್ಟೆ, ಆಗಲೂ ಏನೂ ಇಲ್ಲ. ಅಂದಮೇಲೆ ಅವನಿಗೆ ಒಡೆದ ಪ್ರೋಟೀನಿನ ಅಗತ್ಯವೇ ಇರಲಿಲ್ಲ. ಆ ಚೀಲಕ್ಕೆ ಕೊಟ್ಟ ಹಣ ವ್ಯರ್ಥವೆಂದು ನನಗನಿಸುವುದಿಲ್ಲ. ಮುಂದಿನ ಹತ್ತಾರು ಚೀಲಗಳನ್ನು ಅದು ಉಳಿಸಿತು.

ನಾಲ್ಕನೆಯದು ಬೇಯಿಸಿದ ಕೋಳಿ ಮತ್ತು ಅನ್ನ. ಹೊಟ್ಟೆ ಕೆಟ್ಟ ನಾಯಿಗೆ ಎರಡು ಮೂರು ದಿನ ಇದಕ್ಕಿಂತ ಒಳ್ಳೆಯದು ಬೇರೆ ಬೇಡ. ತಿಂಗಳುಗಟ್ಟಲೆ ಕೊಡುವುದಾದರೆ ಒಮ್ಮೆ ಕಾಗದ ಪೆನ್ಸಿಲು ಹಿಡಿಯಬೇಕು. ಚರ್ಮ ತೆಗೆದು ಬೇಯಿಸಿದ 150 ಗ್ರಾಂ ಕೋಳಿಯ ಎದೆಮಾಂಸ ಮತ್ತು 350 ಗ್ರಾಂ ಅನ್ನ ಸೇರಿದರೆ ಸುಮಾರು 700 ಕ್ಯಾಲೊರಿ, ಗುಂಡನ ಒಂದು ದಿನದ ಊಟ. ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 60 ಮಿಲಿಗ್ರಾಂ ಆಸುಪಾಸು. ನಾಯಿಯ ಆಹಾರಕ್ಕೆ ಅಮೆರಿಕದಲ್ಲಿ ಅನುಸರಿಸುವ ಆಫ್ಕೊ ಮಾನದಂಡದ ಪ್ರಕಾರ ಅಷ್ಟು ಕ್ಯಾಲೊರಿಗೆ ಬೇಕಾದದ್ದು ಸುಮಾರು 900 ಮಿಲಿಗ್ರಾಂ. ಸಾಲದ್ದಕ್ಕೆ ಅದೇ ಊಟದಲ್ಲಿ ರಂಜಕ, ಅಂದರೆ ಫಾಸ್ಫರಸ್, 490 ಮಿಲಿಗ್ರಾಂನಷ್ಟಿದೆ. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಿರಬಾರದು ಎನ್ನುವಲ್ಲಿ ಅದರ ಎಂಟನೆಯ ಒಂದು ಪಾಲು ಮಾತ್ರ ಇರುತ್ತದೆ. ಈ ಕೊರತೆಯನ್ನು ದೇಹ ಮೂಳೆಯಿಂದ ಕಿತ್ತು ತುಂಬಿಕೊಳ್ಳುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ ನುಣ್ಣಗೆ ಪುಡಿಮಾಡಿದ ಮೊಟ್ಟೆಯ ಚಿಪ್ಪು ದಿನಕ್ಕೆ ಅರ್ಧ ಟೀ ಚಮಚ ಹಾಕಿದರೆ ಕ್ಯಾಲ್ಸಿಯಂನ ಲೆಕ್ಕ ಹೆಚ್ಚೂಕಡಿಮೆ ಸರಿಹೋಗುತ್ತದೆ, ಅದಕ್ಕೆ ಖರ್ಚೂ ಇಲ್ಲ. ಆದರೆ ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳಿಗೆ ಚಿಪ್ಪು ಉತ್ತರವಲ್ಲ, ಅವಕ್ಕೆ ನಾಯಿಗಳಿಗೆಂದೇ ತಯಾರಿಸಿದ ಮಿಶ್ರಣ ಕೊಳ್ಳಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು 2013ರಲ್ಲಿ 200 ಮನೆಯಡುಗೆ ಪಾಕಗಳನ್ನು ಲೆಕ್ಕ ಹಾಕಿದಾಗ ಶೇಕಡ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಕೊರತೆಯಾಗಿತ್ತು. ಮಿಶ್ರಣದ ಬೆಲೆ, ಮಾಂಸದ ಬೆಲೆ, ಒಲೆಯ ಖರ್ಚು ಕೂಡಿಸಿದಾಗ ನನ್ನ ಲೆಕ್ಕದಲ್ಲಿ ಇದು ಹೈಡ್ರೊಲೈಸ್ಡ್ ಚೀಲದ ಹತ್ತಿರಕ್ಕೇ ಹೋಯಿತು. ಗುಂಡನಂತೂ ಇದನ್ನೇ ಬಯಸುತ್ತಿದ್ದ. ಕುಕ್ಕರಿನ ಮೊದಲ ಸೀಟಿಗೇ ಅಡುಗೆಮನೆಯ ಹೊಸ್ತಿಲಲ್ಲಿ ಹಾಜರಿರುತ್ತಿದ್ದ.

ಐದನೆಯದನ್ನು ಆಹಾರ ಎನ್ನುವುದಕ್ಕಿಂತ ಸೇರ್ಪಡೆ ಎನ್ನಬೇಕು: ಇಸಬ್ಗೋಲ್ ಹೊಟ್ಟು. ಇದರ ಕರಗುವ ನಾರು ನೀರನ್ನು ಹಿಡಿದಿಟ್ಟುಕೊಂಡು ಅಂಟಂಟಾದ ಗಂಜಿಯಂತಾಗುತ್ತದೆ, ತೆಳುವಾದ ಮಲಕ್ಕೆ ಮೈ ಕೊಡುತ್ತದೆ. ಅದರಲ್ಲಿ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆಯಬಲ್ಲ ಭಾಗದಿಂದ ಅಲ್ಲಿನ ಕೋಶಗಳಿಗೆ ಆಹಾರವೂ ಸಿಗುತ್ತದೆ. ದೊಡ್ಡ ಕರುಳಿನ ದೀರ್ಘ ಭೇದಿಯಿದ್ದ 37 ನಾಯಿಗಳಿಗೆ ಸುಲಭವಾಗಿ ಜೀರ್ಣವಾಗುವ ಆಹಾರದ ಜೊತೆ ಈ ಹೊಟ್ಟನ್ನು ಕೊಟ್ಟ ಅನುಭವ 2000ರಲ್ಲೇ ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹೆಚ್ಚಿನವು ಚೇತರಿಸಿಕೊಂಡವು, ಕೆಲವಕ್ಕೆ ಕಾಲಕ್ರಮೇಣ ಸಾಮಾನ್ಯ ಅಂಗಡಿಯ ಆಹಾರಕ್ಕೆ ಮರಳಿದರೂ ತೊಂದರೆ ಮರುಕಳಿಸಲಿಲ್ಲ. ವೈದ್ಯರು ಇದನ್ನು ಹೇಳಿದಾಗ ಮೊದಲ ತಿಂಗಳು ನಾನು ಬದಿಗಿಟ್ಟಿದ್ದ ಕಡಿಮೆ ಕೊಬ್ಬಿನ ಆಹಾರ ನೆನಪಾಯಿತು. ಅದು ಸೋತಿರಲಿಲ್ಲ, ಅದಕ್ಕೆ ಜೊತೆ ಬೇಕಿತ್ತು.

ಅದೇ ಆಹಾರಕ್ಕೆ ಕಾಲು ಟೀ ಚಮಚ ಹೊಟ್ಟಿನಿಂದ ಆರಂಭಿಸಿ, ಮೂರು ದಿನಕ್ಕೊಮ್ಮೆ ಏರಿಸುತ್ತ, ಹೊತ್ತಿಗೊಂದು ಟೀ ಚಮಚದಂತೆ ದಿನಕ್ಕೆ ಎರಡಕ್ಕೆ ನಿಲ್ಲಿಸಿದೆ. ಒಮ್ಮೆಗೇ ಹೆಚ್ಚು ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ, ವಾಯು ಮನೆಯವರೆಲ್ಲರ ಅರಿವಿಗೂ ಬರುತ್ತದೆ. ಹೊಟ್ಟನ್ನು ಒಣದಾಗಿ ಉದುರಿಸಬಾರದು, ಗಂಟಲಲ್ಲೋ ಕರುಳಲ್ಲೋ ಗಟ್ಟಿಯಾಗುವ ಅಪಾಯವಿದೆ. ಅರ್ಧ ಲೋಟ ನೀರಿನಲ್ಲಿ ಕಲಸಿ ಕೂಡಲೇ ಆಹಾರಕ್ಕೆ ಬೆರೆಸಬೇಕು. ಫೋನು ಬಂತೆಂದು ಒಂದು ದಿನ ಐದು ನಿಮಿಷ ಬಿಟ್ಟಿದ್ದಕ್ಕೆ ಲೋಟ ತಲೆಕೆಳಗು ಮಾಡಿದರೂ ಬೀಳದ ಗಂಜಿಯಾಗಿತ್ತು. ಗುಂಡ ಅದರ ಸುತ್ತಲಿನ ಕಾಳುಗಳನ್ನು ಮಾತ್ರ ಜಾಣತನದಿಂದ ಆರಿಸಿ ತಿಂದ. ಸುವಾಸನೆ, ಸಕ್ಕರೆ ಬೆರೆಸಿದ ಪೊಟ್ಟಣಗಳನ್ನು ಕೊಳ್ಳಬಾರದು, ಅದರಲ್ಲೂ ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ. ಹನ್ನೊಂದನೆಯ ದಿನ ಲೋಳೆ ನಿಂತಿತು, ಮೂರನೆಯ ವಾರ ಅಂಕ 2ಕ್ಕೆ ಬಂದು ಅಲ್ಲೇ ಕುಳಿತಿತು.

ಎರಡು ತಿಂಗಳು ಹೀಗೆ ನಡೆದ ಮೇಲೆ ಚೀಟಿಯ ಆಹಾರವನ್ನು ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿ, ವಯಸ್ಕ ನಾಯಿಗೆ ಪರಿಪೂರ್ಣ ಆಹಾರವೆಂದು ಸ್ಪಷ್ಟವಾಗಿ ಮುದ್ರಿಸಿದ, ಕೋಳಿ ಮತ್ತು ಅಕ್ಕಿಯೇ ಮುಖ್ಯವಾಗಿರುವ ಮಧ್ಯಮ ಬೆಲೆಯ ಸಾಮಾನ್ಯ ಒಣ ಆಹಾರಕ್ಕೆ ಬಂದೆ. ಇದೂ ಕಿಲೋಗೆ ಸುಮಾರು 4000 ಕ್ಯಾಲೊರಿಯದ್ದು. ಚೀಲವನ್ನು ಡಬ್ಬಕ್ಕೆ ಸುರಿಯದೆ, ಬಾಯಿ ಮಡಚಿ ಚೀಲಸಮೇತ ಡಬ್ಬದಲ್ಲಿಡುತ್ತೇನೆ. ಕೊಬ್ಬು ಕಮಟಿದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಬೆಳಿಗ್ಗೆ 90 ಗ್ರಾಂ, ಸಂಜೆ 90 ಗ್ರಾಂ, ಎರಡೂ ಹೊತ್ತು ಒಂದೊಂದು ಚಮಚ ಹೊಟ್ಟು. ಐದು ತಿಂಗಳಲ್ಲಿ ಎರಡು ಬಾರಿ ಅಂಕ 4ಕ್ಕೆ ಏರಿತು, ಎರಡೂ ಸಲ ಅತಿಥಿಗಳ ತಟ್ಟೆಯಿಂದ ಏನೋ ಸಿಕ್ಕಿತ್ತು. ಹೈಡ್ರೊಲೈಸ್ಡ್ ಚೀಲದ ತಳದಲ್ಲಿ ಉಳಿದಿದ್ದ ನಾಲ್ಕು ಹಿಡಿಯನ್ನು ಎಸೆಯಲು ಮನಸ್ಸು ಬಾರದೆ, ಕೆಡುವ ಮುನ್ನ ಬಹುಮಾನವಾಗಿ ಒಂದೊಂದೇ ಕಾಳು ಕೊಟ್ಟು ಮುಗಿಸಿದೆ. ತಟ್ಟೆಯಲ್ಲಿದ್ದಾಗ ಮೂಗು ತಿರುಗಿಸಿದ್ದ ಅದಕ್ಕಾಗಿ ಗುಂಡ ಕೈಯೆತ್ತಿ ಕುಳಿತುಕೊಳ್ಳುವುದನ್ನೂ ಕಲಿತ.